ಕಲೇಜಿ ಕಾದ ಐದೂವರೆ ತಾಸು

ಕೊಳಕೂರಿನ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನ ಮೂರರ ಬಿಸಿಲಿಗೆ ಒಬ್ಬ ಬಸುರಿ ನಿಂತಿರುತ್ತಾಳೆ ಎಂದು ಜನ ಹೇಳುತ್ತಾರೆ. ಆಕೆಯನ್ನು ಕಂಡವರು ಯಾರೂ ಸಿಗುವುದಿಲ್ಲ. ಕಂಡವರನ್ನು ಕಂಡವರು ಮಾತ್ರ ಸಿಗುತ್ತಾರೆ. ಜೇವರ್ಗಿ ಕಡೆಯಿಂದ ಬಂದ ಬಸ್ಸು ನಿಂತಿತೆಂದರೆ ಆಕೆ ಬಾಗಿಲ ಹತ್ತಿರ ಬಂದು, “ನಮ್ಮ ನೂರಿ ಇಳದಾಳೇನ್ರಿ?” ಎಂದು ಕೇಳುತ್ತಾಳಂತೆ. ಕಂಡಕ್ಟರ್ ಹೊರಳಿ ನೋಡುವಷ್ಟರಲ್ಲಿ ಅಲ್ಲಿ ಬರೀ ಬಿಸಿಲು ಇರುತ್ತದಂತೆ.

ಆ ನೂರಿ ಎಂದರೆ ನೂರೀನ. ಬಸುರಿ ಎಂದರೆ ಅವಳ ಅಕ್ಕ ಗುಲಫಶಾ, ಅವಳು ಆಪಾ ಎಂದು ಕರೆಯುತ್ತಿದ್ದವಳು. ಆಕೆ ಸತ್ತು ಏಳು ವರ್ಷವಾಗಿತ್ತು. ಆ ಏಳು ವರ್ಷವೂ ನೂರೀನ ಆ ನಿಲ್ದಾಣದಲ್ಲಿ ಇಳಿದಿರಲಿಲ್ಲ. ತಾಯಿ ಪೀರಬಿಯನ್ನು ನೋಡಲು ಊರಿಗೆ ಬರಬೇಕಾದಾಗ ಮುಂದಿನ ಕ್ರಾಸಿಗೆ ಟಿಕೆಟ್ ತೆಗೆಸಿ, ಅಲ್ಲಿಂದ ತೊಗರಿ ಹೊಲಗಳ ಬದುವಿನ ಮೇಲೆ ಎರಡು ಮೈಲಿ ನಡೆದು ಹಿತ್ತಿಲ ಬಾಗಿಲಿನಿಂದ ಮನೆ ಸೇರುತ್ತಿದ್ದಳು. ಯಾಕೆಂದು ತಾಯಿ ಕೇಳಿದವಳಲ್ಲ.

ನೂರೀನ ಕಲಬುರಗಿಯಲ್ಲಿ ಓದಿ, ಅಲ್ಲಿಯೇ ಮಾಂಸದ ಸುರಕ್ಷತೆಯನ್ನು ಅಭ್ಯಾಸ ಮಾಡುವ ಒಂದು ಯೋಜನೆಯಲ್ಲಿ ಕೆಲಸಕ್ಕಿದ್ದಳು. ಆಳಂದ, ಅಫಜಲಪುರ, ಜೇವರ್ಗಿಯ ಮಟನ್ ಅಂಗಡಿಗಳು ಅವಳ ಪಾಲಿಗೆ ಬಂದಿದ್ದವು. ಅಂಗಿಯ ಗುಂಡಿಯಷ್ಟು ಸಣ್ಣ ಯಂತ್ರವೊಂದನ್ನು ಹಸಿ ಮಾಂಸದೊಳಗೆ ಇಟ್ಟುಬಿಟ್ಟರೆ ಅದು ಐದು ನಿಮಿಷಕ್ಕೊಮ್ಮೆ ಕಾವನ್ನು ಬರೆದಿಟ್ಟುಕೊಳ್ಳುತ್ತದೆ. ಆ ಕಾವನ್ನೂ ಹೊತ್ತನ್ನೂ ಕಂಪ್ಯೂಟರಿಗೆ ಕೊಟ್ಟರೆ, ಮಾಂಸದಲ್ಲಿರುವ ಕಣ್ಣಿಗೆ ಕಾಣದ ಜೀವಗಳು ಯಾವ ಗಳಿಗೆಗೆ ಎಷ್ಟಾಗುತ್ತವೆ ಎಂಬುದನ್ನು ಅದು ಒಂದು ಗೆರೆಯಾಗಿ ಎಳೆದು ತೋರಿಸುತ್ತದೆ. ಬೇಸಿಗೆಯಲ್ಲಿ ಮುಂಜಾನೆ ಕೊಯ್ದದ್ದು ಎಷ್ಟು ಗಂಟೆಯೊಳಗೆ ಒಲೆಗೇರಬೇಕು ಎಂದು ಒಂದೊಂದು ಅಂಗಡಿಗೂ ಒಂದು ಹಾಳೆ ಬರೆದು ಗೋಡೆಗೆ ಹಚ್ಚುವುದು ಅವಳ ಕೆಲಸ.

ಆ ಗೆರೆ ಬಂದ ಕೂಡಲೇ ಏಳುವುದಿಲ್ಲ. ಹೊಸ ಮನೆಗೆ ಬಂದ ಸೊಸೆಯ ಹಾಗೆ ಆ ಜೀವಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಸುತ್ತಲಿನದನ್ನು ನೋಡಿಕೊಳ್ಳುತ್ತವೆ. ಅಷ್ಟು ಹೊತ್ತು ಗೆರೆ ಮಲಗಿಯೇ ಇರುತ್ತದೆ. ಆಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಅದು ತಲೆ ಎತ್ತುತ್ತದೆ. ನೂರೀನ ಯಾವ ಊರಿನ ಯಾವ ಅಂಗಡಿಯ ಗೆರೆ ಎಳೆದರೂ ಆ ಮಲಗಿದ ಭಾಗದಲ್ಲಿ ಗುಲಫಶಾ ಕೂತಿರುತ್ತಿದ್ದಳು. ಹುಣಸೆಯ ನೆರಳು, ಹಸಿರು ದುಪಟ್ಟಾ, ಏಳು ತಿಂಗಳ ಹೊಟ್ಟೆಯ ಮೇಲೆ ಒಂದು ಕೈ. ಇನ್ನೂ ಏನೂ ಆಗಿಲ್ಲ ಎನ್ನುವ ಮುಖ. ಗೆರೆ ಬಾಗುವಲ್ಲಿಗೆ ಬಂದಾಗ ಆಕೆ ತಲೆ ಎತ್ತಿ ನೋಡುತ್ತಿದ್ದಳು. ನೂರೀನ ಕಂಪ್ಯೂಟರ್ ಮುಚ್ಚುತ್ತಿದ್ದಳು. ಕಣ್ಣಿನ ಡಾಕ್ಟರಿಗೆ ತೋರಿಸಿದಳು. ಕುರಾನಿನ ಯಾಸೀನ್ ಓದಿ ಎದೆಗೆ ಊದಿಕೊಂಡಳು. ಗುಲಫಶಾ ಹೆದರಿಸುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಕಾಯುತ್ತಿದ್ದಳು, ಅಷ್ಟೇ.

ಈ ಸಲದ ಮೇ ತಿಂಗಳಲ್ಲಿ ನೂರೀನ ಅಫಜಲಪುರದ ಒಂದು ಓಣಿಯಲ್ಲಿ ಮಸೂದ ಎಂಬವನ ಅಂಗಡಿಗೆ ಹೋದಳು.

“ಬರ್ರಿ, ಬರ್ರಿ. ಮಟನ್ನಿಗೆ ಜ್ವರ ನೋಡೋ ಡಾಕ್ಟರಮ್ಮ ಬಂದ್ರು,” ಎಂದ ಮಸೂದ.

ಚೀಲ ಹಿಡಿದು ನಿಂತಿದ್ದ ಗಿರಾಕಿಯೊಬ್ಬ ನಕ್ಕ. “ಸತ್ತಿದ್ದಕ್ಕ ಜ್ವರ ನೋಡ್ತಾರ. ಬದುಕಿದ್ದ ನಮ್ಮನ್ನ ಕೇಳೋರಿಲ್ಲ ನೋಡಪಾ.”

“ಅದು ಸತ್ತದ್ರಿ ಅಣ್ಣಾ. ಅದರಾಗ ಬದುಕಿದ್ದವು ಭಾಳ ಅದಾವ,” ಎಂದು ನೂರೀನ ಆ ಗುಂಡಿಯಂಥ ಯಂತ್ರವನ್ನು ತೊಡೆಯ ಮಾಂಸದೊಳಗೆ ಒತ್ತಿದಳು.

ಅಂಗಡಿಯ ಒಳಗಿನ ನೆರಳಲ್ಲಿ ತಸ್ಬೀಹಿನ ಮಣಿ ಉರುಳಿಸುತ್ತಿದ್ದ ಮುದುಕ ಕೈ ನಿಲ್ಲಿಸಿದ. “ಈ ದನಿ ಪೀರಬಿ ಮನಿತನದ್ದು. ನೀ ನೂರಿ ಅಲ್ಲೇನು ಬೇ?”

ನೂರೀನ ಅವನ ಮುಖಕ್ಕಿಂತ ಮೊದಲು ಕೈಗಳನ್ನು ಗುರುತಿಸಿದಳು. ಆತ ಮಸೂದನ ತಂದೆ ಚಮನಸಾಬ. ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳ ಕಂದೂರಿಗೆಲ್ಲ ಕತ್ತಿ ಹಿಡಿಯುತ್ತಿದ್ದವನು. ದರ್ಗಾಕ್ಕೆ ಹರಕೆ ಹೊತ್ತವರು, ಹಿಂದೂಗಳಾಗಲಿ ಮುಸಲ್ಮಾನರಾಗಲಿ, ಆಡು ಕೊಯ್ಯಿಸಿ ಊರಿಗೆ ಉಣಬಡಿಸುವುದೇ ಕಂದೂರಿ. ಚಮನಸಾಬ ಬಿಸ್ಮಿಲ್ಲಾ ಎಂದರೆ ಆಡೂ ಒದ್ದಾಡುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು.

ಗುಲಫಶಾಳಿಗೆ ಮದುವೆಯಾಗಿ ಐದು ವರ್ಷಕ್ಕೆ ಬಸಿರು ನಿಂತಿತ್ತು. ಪೀರಬಿ ಹರಕೆಯ ಕಂದೂರಿ ಮಾಡಿದಳು. ಅವರ ಮನೆಗೆ ಒಂದು ಪದ್ಧತಿ ಇತ್ತು. ಹರಕೆಯ ಆಡಿನ ಕಲೇಜಿಯನ್ನು, ಎಂದರೆ ಯಕೃತ್ತನ್ನು, ಕಬ್ಬಿಣದ ಸೀಖಿಗೆ ಪೋಣಿಸಿ ಕೆಂಡದ ಮೇಲೆ ಸುಡಬೇಕು. ಅದಕ್ಕೂ ಮೊದಲು ಹರಕೆ ಹೊತ್ತವಳ ಮಕ್ಕಳೆಲ್ಲ ಆ ಸೀಖನ್ನು ಮುಟ್ಟಬೇಕು. ಒಬ್ಬರು ಬರದಿದ್ದರೂ ಕಲೇಜಿ ಕಾಯಬೇಕು, ಕೆಂಡ ಆರಬಾರದು. ಮೊದಲ ತುಂಡು ಬಸುರಿಗೆ, ಅದೂ ನಡುವಿನ ದಪ್ಪ ತುಂಡು. ಒಳಗೆ ಕೆಂಪು ಉಳಿದಿದ್ದರೆ ಮೈಗೆ ರಕ್ತವಾಗುತ್ತದೆ ಎಂದು ಪೂರ್ತಿ ಸುಡುತ್ತಿರಲಿಲ್ಲ. ಆ ದಿನ ಹನ್ನೊಂದಕ್ಕೆ ಚಮನಸಾಬ ಆಡು ಕೊಯ್ದ. ನೂರೀನ ಬಂದದ್ದು ನಾಲ್ಕೂವರೆಗೆ. ಕಾಗೆ, ನೊಣ ಮುಟ್ಟಬಾರದೆಂದು ಕಲೇಜಿಯನ್ನು ಮುಚ್ಚಿದ ಬೋಗುಣಿಯಲ್ಲಿ ಕೆಂಡದ ಬಾಜೂಕೇ ಇಟ್ಟಿದ್ದರು. ಮರುದಿನ ಹನ್ನೊಂದು ಮಂದಿಗೆ ವಾಂತಿ ಭೇದಿ. ಹತ್ತು ಮಂದಿ ಎದ್ದರು. ಗುಲಫಶಾಳಿಗೆ ಜ್ವರ ಏರಿ ಮೂರನೇ ದಿನ ಕೂಸು ಸತ್ತು ಹುಟ್ಟಿತು. ನಾಲ್ಕನೇ ದಿನ ಆಕೆ ಹೋದಳು. ಚಮನಸಾಬನ ಕತ್ತಿ ಹೊಲಸಿತ್ತು ಎಂದು ಊರು ಹೇಳಿತು. ಆತ ಊರು ಬಿಟ್ಟು ಅಫಜಲಪುರಕ್ಕೆ ಬಂದ.

“ಏಳು ವರ್ಷ ಆತು, ಕತ್ತಿ ಮುಟ್ಟಿಲ್ಲ ನಾ,” ಎಂದ ಚಮನಸಾಬ. “ಆ ದಿನ ಕತ್ತಿ ತೊಳದಿದ್ದೆನೋ ಇಲ್ಲೋ ಅಂತ ನೆನಸಿ ನೆನಸಿ, ಈಗ ನನಗ ಬರೂದು ನೆನಪೋ, ಆಸೆಯೋ, ಅದೂ ತಿಳಿಯಂಗಿಲ್ಲ. ನಿನ್ನ ಮಿಶಿನ್ನಿಗೆ ಆ ದಿನ ಹಾಕಿ ನೋಡು ಬೇಟಿ. ನನ್ನ ಕೈಲೇ ಆಕಿ ಸತ್ತಳೇನು? ಹೌದಂದ್ರ ಹೌದು. ಮ್ಯಾಲ ಹೋದ ಮ್ಯಾಲ ಕೇಳಿಸಿಕೊಳ್ಳೂದು ಇದ್ದಿದ್ದೇ. ಇಲ್ಲೇ ಕೇಳಿಸಿಕೊಂಡು ಹೋಗ್ತೇನಿ.”

“ಅಬ್ಬಾಜಾನ್, ಬಿಡ್ರಿ ಅದೆಲ್ಲ,” ಎಂದ ಮಸೂದ.

“ನೀ ಸುಮ್ಮಕ ಕಡೀಲೇ. ಕೀಮಾ ದಪ್ಪ ಆಗಾಕತ್ತದ.”

ಆ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ನೂರೀನಳಿಗೆ ಬಹಳ ದಿನದಿಂದ ಗೊತ್ತಿತ್ತು. ಗೊತ್ತಿದ್ದರಿಂದಲೇ ಮಾಡಿ ನೋಡಿರಲಿಲ್ಲ. ಆದರೂ, “ನಾಳೆ ಬರ್ತೇನಿ ಚಾಚಾ. ಅಂಥಾದೇ ಬೋಗುಣಿ ಒಂದು ಇಡ್ರಿ,” ಎಂದಳು.

ಮರುದಿನ ಮಸೂದನ ಹಿತ್ತಿಲಲ್ಲಿ ಹನ್ನೊಂದಕ್ಕೆ ಸರಿಯಾಗಿ ಹೊಸ ಕಲೇಜಿಯೊಳಗೆ ಗುಂಡಿ ಇಟ್ಟು, ಅಲ್ಯುಮಿನಿಯಂ ಬೋಗುಣಿಗೆ ಹಾಕಿ, ಮುಚ್ಚಳ ಮುಚ್ಚಿ, ಕೆಂಡದಿಂದ ಒಂದು ಮೊಳ ದೂರ ಇಟ್ಟಳು. ಮುದುಕ ಒಂದು ಬದಿಗೆ ಕೂತ, ಅವಳು ಇನ್ನೊಂದು ಬದಿಗೆ. ಕೆಂಡ ಆರಲು ಬಂದಾಗ ಮುದುಕ ಊದುತ್ತಿದ್ದ. ಒಂದು ಗಂಟೆಯ ಸುಮಾರಿಗೆ ಗಾಳಿ ಪೂರಾ ನಿಂತಿತು. ಚಮನಸಾಬ ತಲೆ ಎತ್ತಿ, ನೂರೀನಳ ಬಲಕ್ಕಿದ್ದ ಖಾಲಿ ಜಾಗವನ್ನು ನೋಡಿ, ಸಲಾಂ ಹೇಳುವವನಂತೆ ಕೈಯನ್ನು ಹಣೆಯ ತನಕ ಒಯ್ದು ಇಳಿಸಿದ. ಅಲ್ಲಿ ಯಾರಿದ್ದಾರೆ ಎಂದು ನೂರೀನ ಕೇಳಲಿಲ್ಲ. ಆ ಬದಿಯ ತೋಳಿಗೆ ಮಾತ್ರ ಬಿಸಿಲು ತಾಗುತ್ತಿರಲಿಲ್ಲ.

ನಾಲ್ಕೂವರೆಗೆ ಗುಂಡಿ ತೆಗೆದು ಕಂಪ್ಯೂಟರಿಗೆ ಹಚ್ಚಿದಳು. ಬೋಗುಣಿಯೊಳಗೆ ಕಾವು ಬೇಗನೆ ಮೂವತ್ತೇಳಕ್ಕೆ ಏರಿ, ಕೊನೆಯ ತನಕ ಅಲ್ಲಿಯೇ ಆಚೆ ಈಚೆ ಆಡಿಕೊಂಡು ನಿಂತಿತ್ತು. ಮೂವತ್ತೇಳು ಎಂದರೆ ಮನುಷ್ಯರ ಮೈಯ ಕಾವು. ಕೂಸು ಹೊಟ್ಟೆಯಲ್ಲಿ ಬೆಳೆಯುವ ಕಾವು. ಅದರಲ್ಲಿ ಏನಿದ್ದರೂ ಬೆಳೆಯುತ್ತದೆ. ಸೃಷ್ಟಿ ಮಾಡಿದವನು ಆ ಕಾವಿಗೆ ಇದು ಬೇಕು, ಇದು ಬೇಡ ಎಂದು ಹೇಳಿಕೊಟ್ಟಿಲ್ಲ.

ಅವಳು ಎರಡು ಗೆರೆ ಎಳೆದಳು. ಒಂದು ತೊಳೆದ ಕತ್ತಿಯದು, ಒಂದು ತೊಳೆಯದ ಕತ್ತಿಯದು. ಗುಲಫಶಾ ಎರಡರಲ್ಲೂ ಇದ್ದಳು. ಈ ಸಲ ನೂರೀನ ಪರದೆ ಮುಚ್ಚಲಿಲ್ಲ. ಒಂದೂವರೆ ತಾಸು ಗೆರೆ ಮಲಗಿತ್ತು. ಆಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತ ಹನ್ನೆರಡು ಸಲ ಏರಿತು. ಒಂದಿದ್ದದ್ದು ನಾಲ್ಕು ಸಾವಿರ ದಾಟಿತು.

“ಚಾಚಾ, ಕೇಳ್ರಿ. ನಿಮ್ಮ ಕತ್ತಿ ಹೊಲಸೇ ಇತ್ತು ಅನ್ನೂಣು. ಗುಂಜಿಯಷ್ಟು ಕಲೇಜಿದಾಗ ಸಾವಿರ ಇದ್ವು ಅನ್ನೂಣು. ಹನ್ನೆರಡಕ್ಕ ಸುಟ್ಟಿದ್ರ ಆ ಸಾವಿರ ಸಾವಿರೇ ಇರ್ತಿದ್ವು. ಕತ್ತಿ ತೊಳದಿತ್ತು, ಹತ್ತೇ ಇದ್ವು ಅಂದ್ರೂ, ನಾಲ್ಕೂವರಿ ತನಕ ಇಟ್ರ ಆ ಹತ್ತು ನಲವತ್ತು ಸಾವಿರ ಆಗ್ತಾವ.”

ಮುದುಕ ಪರದೆಯ ಹತ್ತಿರ ಬಗ್ಗಿದ. “ಹಂಗಾದ್ರ ನನ್ನ ಕತ್ತಿ ತೊಳದಿತ್ತೇನು?”

“ಅದು ಇದಕ್ಕ ಗೊತ್ತಿಲ್ರಿ. ಮೊದಲ ಬೀಜ ಕತ್ತಿಲೇ ಬಂತೋ, ಆಡಿನ ಹೊಟ್ಟಿಲೇ ಬಂತೋ, ಯಾರೂ ಹೇಳಾಕ ಆಗಂಗಿಲ್ಲ. ಬೆಳದದ್ದು ಕಾಯೂದ್ರಾಗ. ಕಾಯಿಸಿದಾಕಿ ನಾ.”

“ಬಸ್ ಕೆಟ್ಟಿತ್ತಲ್ಲ.”

“ಬಸ್ ಕೆಟ್ಟಿರಲಿಲ್ಲ ಚಾಚಾ.” ಏಳು ವರ್ಷದಲ್ಲಿ ಈ ಮಾತನ್ನು ಅವಳು ನಮಾಜಿನ ಸಜ್ದೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. “ಆಳಂದದಾಗ ಗೆಳತಿ ದೀಪಾಲಿ ಮನ್ಯಾಗ ಕೂತಿದ್ದೆ. ಆಕೀ ಲಗ್ನದ ಸೀರಿ ನೋಡ್ಕೋತ, ನಕ್ಕೋತ. ಅಕ್ಕ ಮೂರು ಸಲ ಫೋನ್ ಮಾಡಿದ್ಲು. ಮೂರು ಸಲಾನೂ ಬಸ್ ಕೆಟ್ಟದ, ನಾ ಬರೂ ತನಕ ಸುಡಬ್ಯಾಡ್ರಿ ಅಂದೆ.”

ಚಮನಸಾಬ ಎದ್ದು ಕೆಂಡದ ಮೇಲೆ ನೀರು ಸುರಿದ. “ನನಗ ಹೇಳಿದ್ರ ಏನ್ ಬಂತು ಬೇಟಿ? ನನ್ನ ಹೆಸರು ಅಫಜಲಪುರದಾಗ ಕಳದಿಲ್ಲ. ಕೊಳಕೂರದಾಗ ಕಳದದ.”

ಗುರುವಾರ ಇಬ್ಬರೂ ಕೂಡಿ ಹೊರಟರು. ಜೇವರ್ಗಿಯಲ್ಲಿ ಬಸ್ಸು ಬದಲಿಸಿದಾಗ ನೂರೀನ, “ಕೊಳಕೂರ, ಎರಡು,” ಎಂದಳು. ಮೂರಕ್ಕೆ ಐದು ನಿಮಿಷ ಇದ್ದಾಗ ಬಸ್ಸು ನಿಂತಿತು. ಬಾಗಿಲ ಬಳಿ ಯಾರೂ ಇರಲಿಲ್ಲ. ಅವಳು ಇಳಿದು, ನಿಂತು, ಬಿಸಿಲಿಗೆ ಕೇಳುವಂತೆ ಮೆಲ್ಲಗೆ, “ಇಳದೀನಿ ಆಪಾ,” ಎಂದಳು. ಬಸ್ಸು ಹೋಯಿತು. ಧೂಳು ಕೂತ ಮೇಲೆ ನೋಡಿದರೆ ಅವಳ ನೆರಳಿನ ಪಕ್ಕ ಇನ್ನೊಂದು ನೆರಳು ಇದ್ದಂತೆ ಅನಿಸಿತು. ಅದು ಚಮನಸಾಬನದೇ ಇರಬೇಕು ಎಂದುಕೊಂಡಳು. ಹೊರಳಿ ನೋಡಿದಾಗ ಆತ ಆಗಲೇ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದ.

“ಕರದ್ರ ಬರ್ತೇನಿ. ಕರೀಲಿಲ್ಲಂದ್ರ ಆರರ ಬಸ್ಸಿಗೆ ಹೋಗ್ತೇನಿ,” ಎಂದ.

ಪೀರಬಿ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಮಗಳು ಮುಂಬಾಗಿಲಿನಿಂದ ಬಂದದ್ದನ್ನು ಕಂಡು ಅವಳ ಕೈ ತಡೆಯಿತು. ನೂರೀನ ಹೊಸ್ತಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಇವತ್ತು ದರ್ಗಾದಲ್ಲಿ ಊರಿಗೂ ಹೇಳುತ್ತೇನೆ ಎಂದಳು.

“ಒಬ್ಬಾಕಿ ಮಣ್ಣಿಗೆ ಹೋದ್ಲು. ಉಳದಾಕೀನ ಮಂದಿ ಬಾಯಿಗೆ ಹಾಕಲೇನು?” ಎಂದಳು ಪೀರಬಿ. “ಏಳು ವರ್ಷ ಇದಕ್ಕ ಬಾಯಿ ಮುಚ್ಚಿಕೊಂಡು ಕೂತೇನೇನು ನಾ?”

“ಏನು ಮುಚ್ಚಿಕೊಂಡು ಕೂತಿ ಅಮ್ಮಿ?”

ಪೀರಬಿ ಮೊರವನ್ನು ಎರಡು ಸಲ ಜೋರಾಗಿ ಕೇರಿದಳು. ಹೊಟ್ಟು ಹಾರಿ ಇಬ್ಬರ ಮೇಲೂ ಬಿತ್ತು.

ಸಂಜೆಯ ಅಸರ್ ನಮಾಜಾದ ಮೇಲೆ ದರ್ಗಾದ ಅಂಗಳದಲ್ಲಿ ಗುರುವಾರದ ಸಕ್ಕರೆಗೆ ಫಾತೆಹಾ ಓದಿಸಲು ಹತ್ತಿಪ್ಪತ್ತು ಮಂದಿ ಸೇರಿದ್ದರು. ಮೂರು ತಲೆಮಾರಿನಿಂದ ಅಲ್ಲಿ ದೀಪಕ್ಕೆ ಎಣ್ಣೆ ಹಾಕುವ ಮನೆಯ ದೇವೀಂದ್ರಪ್ಪನೂ ಇದ್ದ. ನೂರೀನ ಹುಣಸೆಯ ಕೆಳಗೆ, ಆ ದಿನ ಬೋಗುಣಿ ಇಟ್ಟ ಜಾಗದಲ್ಲೇ ನಿಂತು ಮಾತಾಡಿದಳು. ಗೆರೆಯ ಕಾಗದ ತಂದಿದ್ದಳು, ಆದರೆ ತೆಗೆಯಲಿಲ್ಲ. ಹತ್ತು ಹೇಗೆ ನಲವತ್ತು ಸಾವಿರವಾಗುತ್ತದೆ ಎಂಬುದನ್ನು ಹಾಲಿಗೆ ಹೆಪ್ಪು ಹಾಕುವ ಲೆಕ್ಕದಲ್ಲಿ ಹೇಳಿದಳು. ಹೆಂಗಸರಿಗೆ ಕೂಡಲೇ ತಿಳಿಯಿತು.

“ಬಸ್ ಕೆಟ್ಟದ ಅಂದಿದ್ದಿ ನೀ. ಗುಲಫಶಾನ ಬಾಜೂಕ ಕೂತಿದ್ದೆ ನಾ, ಕೇಳೀನಿ,” ಎಂದಳು ಮುದುಕಿಯೊಬ್ಬಳು.

“ಸುಳ್ಳು ಹೇಳಿದ್ದೆ ದಾದಿಮಾ.”

ಹುಣಸೆಯ ಒಂದೆರಡು ಎಲೆ ಗಾಳಿ ಇಲ್ಲದೆಯೇ ಉದುರಿದವು. ಆಗ ಹಿಂದಿನಿಂದ ಪೀರಬಿಯ ದನಿ ಬಂತು. ಅವಳು ಯಾವಾಗ ಬಂದು ನಿಂತಿದ್ದಳೋ ಯಾರಿಗೂ ಗೊತ್ತಾಗಿರಲಿಲ್ಲ.

“ತಪ್ಪು ಆಕೀದಷ್ಟೇ ಅಲ್ಲ. ಮುಚ್ಚಳಾ ತೆಗದಾಗ ವಾಸನಿ ಬಂದಿತ್ತು ನನಗ. ಸಣ್ಣಕ ಬಂದಿತ್ತು. ಹರಕಿ ಕಲೇಜಿ, ಚೆಲ್ಲಿದ್ರ ಪೀರಾಂದು ಸಿಟ್ಟಾಗ್ತದ ಅಂತ ಅರಿಶಿಣ ನೀರಾಗ ತೊಳದು ಸೀಖಿಗೆ ಹಚ್ಚಿದೆ. ನನ್ನ ಕೈಲೇ ಮಗಳ ಬಾಯಾಗ ಇಟ್ಟೆ.” ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಮತ್ತೆ ತೆಗೆದಳು. “ಮಂದಿ ಹೆಂಗಾತು ಅಂತ ಕೇಳಿದಾಗ ಕತ್ತಿ ಅಂದೆ. ಮೊದಲು ಅಂದಾಕಿ ನಾ.”

ನೂರೀನ ತಾಯಿಯ ಕಡೆ ನೋಡಿದಳು. ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಸಾವನ್ನು ಬೇರೆ ಬೇರೆ ಕೋಣೆಯಲ್ಲಿ ಇಟ್ಟುಕೊಂಡು ಇಷ್ಟು ವರ್ಷ ಕಳೆದಿದ್ದರು.

ದೇವೀಂದ್ರಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. “ನೀ ಒಂದು ಸಲ ಅಂದೆವ್ವಾ. ನಾವು ಊರೂರಿಗೆ ಅಂದ್ವಿ. ಅತನೂರ ಬೀಗರು ಕಂದೂರಿ ಹಿಡದಾಗ ಆ ಮುದುಕನ್ನ ಕರೀಬ್ಯಾಡ್ರಿ ಅಂತ ನಾನೇ ಹೇಳಿ ಕಳಿಸೀನಿ. ಎಲ್ಲದಾನ ಈಗ?”

“ಸ್ಟ್ಯಾಂಡಿನ್ಯಾಗ ಕೂತಾರ್ರಿ,” ಎಂದಳು ನೂರೀನ.

ದೇವೀಂದ್ರಪ್ಪ ಮೋಟರ್‌ಸೈಕಲ್ ತೆಗೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಹಿಂದೆ ಚಮನಸಾಬನನ್ನು ಕೂರಿಸಿಕೊಂಡು ಬಂದ. ಮುದುಕ ಇಳಿದು ಅಂಗಳದ ಹೊರಗೇ ಚಪ್ಪಲಿ ಬಿಟ್ಟು ನಿಂತ. ಯಾರೋ ಮಾಫಿ ಎಂದು ಶುರು ಮಾಡಿದರು. ಯಾರೋ, ಮುಂದಿನ ಕಂದೂರಿಗೆ ನೀವೇ ಬರಬೇಕು ಎಂದರು. ಆತ ಕೈ ಎತ್ತಿ ತಡೆದ.

“ಕತ್ತಿ ಬ್ಯಾಡ. ಕೈ ನಡಗ್ತದ, ಆಡಿಗೆ ತ್ರಾಸಾಗ್ತದ. ಆವಾಗ ಕೂಸಿಗೆ, ತಾಯಿಗೆ ಮಣ್ಣು ಕೊಡಾಕ ಬಂದಿದ್ದೆ. ಕಬರಸ್ತಾನದ ಬಾಗಿಲಾಗ ಹಿಡದು ನಿಂದರಿಸಿದ್ರಿ. ಮೂರು ಮುಷ್ಟಿ ಮಣ್ಣು ಕೊಟ್ಟು ಬರ್ತೇನಿ. ಬಿಡ್ರಿ.”

ಜನ ಎರಡು ಬದಿಗೆ ಸರಿದು ಹಾದಿ ಕೊಟ್ಟರು.

ಕಬರಸ್ತಾನ ದರ್ಗಾದ ಹಿಂದೆ. ಹೆಂಗಸರು ಒಳಗೆ ಹೋಗುವುದಿಲ್ಲ. ಪೀರಬಿ, ನೂರೀನ ಎದೆಮಟ್ಟದ ಗೋಡೆಯ ಹೊರಗೆ ನಿಂತರು. ಬಿಸಿಲು ಇಳಿಯುತ್ತಿತ್ತು. ಮುದುಕ ಒಬ್ಬನೇ ಒಳಗೆ ಹೋದ. ಕೆಲವು ಗೋರಿಗಳ ಮೇಲೆ ಹುಲ್ಲು ಒಣಗಿ ನಿಂತಿತ್ತು. ಕೆಲವು ನೆಲಕ್ಕೆ ಕೂಡಿಕೊಂಡಿದ್ದವು. ಏಳು ವರ್ಷದಲ್ಲಿ ಹೊಸವೂ ಬಂದಿದ್ದವು. ಆತ ಒಂದರ ಬಳಿ ಬಾಗಿ, ಅಲ್ಲ ಎನಿಸಿ, ಇನ್ನೊಂದಕ್ಕೆ ಹೋಗಿ, ನಡುವೆ ನಿಂತುಬಿಟ್ಟ. ಮಣ್ಣು ತುಂಬಿದ ಮುಷ್ಟಿಯನ್ನು ಎದೆಗೆ ಹಿಡಿದುಕೊಂಡಿದ್ದ. ಕಣ್ಣು ಸರಿ ಕಾಣುತ್ತಿರಲಿಲ್ಲವೇನೋ.

“ಯಾವುದವ್ವಾ ಆಕೀದು?” ಎಂದು ಕೂಗಿದ.

ನೂರೀನ ಬಾಯಿ ತೆರೆದಳು. ಅವಳಿಗೆ ಗೊತ್ತಿರಲಿಲ್ಲ. ಈ ಕಡೆ ಅವಳು ಒಮ್ಮೆಯೂ ಬಂದವಳಲ್ಲ.

ಪೀರಬಿ ಎರಡೂ ಕೈಯಿಂದ ಗೋಡೆ ಹಿಡಿದುಕೊಂಡಳು. ಏಳು ವರ್ಷ ಪ್ರತಿ ಗುರುವಾರ ಇದೇ ಕಲ್ಲು ಹಿಡಿದು ನಿಂತು, ಒಳಗಿನದನ್ನು ದೂರದಿಂದಲೇ ಎಣಿಸಿಟ್ಟುಕೊಂಡವಳು.

“ಬೇವಿನ ಗಿಡಕ್ಕ ಬೆನ್ನು ಮಾಡ್ರಿ ಅಣ್ಣಾ,” ಎಂದಳು. ಆತ ತಿರುಗಿದ್ದನ್ನು ಕಂಡು ಮತ್ತೆ ಜೋರಾಗಿ ಕೂಗಿದಳು. “ಹೂಂ, ಹಂಗ. ಈಗ ಎಡಕ್ಕ ಬರ್ರಿ. ಒಂದು, ಎರಡು, ಅದಲ್ಲ, ಇನ್ನೊಂದು ಮುಂದ. ಕಾಲಾಗ ನೋಡ್ಕೋರಿ, ಅಲ್ಲಿ ಅಂಗೈಯಷ್ಟು ಸಣ್ಣದೊಂದು ಅದ, ತುಳದೀರಿ. ಅದು ಕೂಸಿಂದು. ಅದರ ಬಾಜೂಕ ಇದ್ದಾಕಿ.”